ಬ್ರೇಕಿಲ್ಲದ ಗಾಡಿ, ಮನೆಯವರ ಟ್ರ್ಯಾಕು

ಹೊಸನಗರದವರಿಗೆ ರೇಸು ನೋಡುವ ಹುಕಿ ಬಂದರೆ ಹುಲಿಕಲ್ ಘಾಟಿ ಇಳಿದರಾಯ್ತು. ಕೆಳಗೆ ಕುಂದಾಪುರ ಸೀಮೆಯಲ್ಲಿ ಮನೆತನದವರೇ ನಡೆಸಿಕೊಂಡು ಬಂದ, ಕೋಣ ಓಡಿಸುವ ಕಂಬಳಗದ್ದೆಗಳಿವೆ. ಟ್ರ್ಯಾಕು ಮನೆಯದು, ಕೆಸರು ಮನೆಯದು, ಹಲವೆಡೆ ಮೊದಲು ಗದ್ದೆಗಿಳಿಯುವ ಜೋಡಿಯೂ ಮನೆಯದೇ. ಊರವರ ಕೋಣಗಳು ಏನಿದ್ದರೂ ಆಮೇಲೆ. ಫಾರ್ಮುಲಾ ಒನ್‌ನಲ್ಲಿ ಇಂಥ ಮರ್ಯಾದೆ ಎಲ್ಲಿದೆ ಮಾರಾಯ್ರೇ?

ಇಲ್ಲಿ ಗಾಡಿ ಎಂದರೆ ಕೋಣಗಳ ಜೋಡಿ; ಅದಕ್ಕೆ ಮೈತುಂಬ ಎಣ್ಣೆ. ಬ್ರೇಕು ಮಾತ್ರ ಇಲ್ಲ. ಮುಂದಿನ ಸಾಲಿನಲ್ಲಿ ಗತ್ತಿನಿಂದ ನಿಂತ ಬಿಳಿ ಪಂಚೆಗಳಿಗೆಲ್ಲ ಕ್ಷಣದಲ್ಲಿ ಒಂದೇ ಬಣ್ಣ. ಹಗ್ಗ, ನೇಗಿಲು, ಅಡ್ಡ ಹಲಗೆ ವಿಭಾಗಗಳಲ್ಲಿ ವೇಗಕ್ಕೆ ಬಹುಮಾನ. ಕಣೆ ಹಲಗೆಯಲ್ಲಿ ನೀರು ಎಷ್ಟೆತ್ತರ ಚಿಮ್ಮಿತು ಎಂಬುದೇ ಲೆಕ್ಕ. ಮಳೆಗಾಲದಲ್ಲಿ ನಮ್ಮ ಕಡೆ ಓಡುವ ಬಸ್ಸುಗಳು ಈ ವಿಭಾಗಕ್ಕೆ ನೇರ ಫೈನಲ್ಲಿಗೇ ಹೋಗಬೇಕು!

2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಜೊತೆ ತಾಳೆ ಹಾಕಿತು. ಗೌಡರು ಮಾತ್ರ ಶ್ರೇಯಸ್ಸನ್ನು ಕೋಣಗಳಿಗೆ ಕೊಟ್ಟರು. ಪಾಪ, ಬೋಲ್ಟ್‌ಗೆ ಹಿಡಿದು ಓಡಲು ಕೋಣದ ಹಗ್ಗವೂ ಇರಲಿಲ್ಲ.

ಗೆದ್ದ ಕಾರಿಗೆ ಶೆಡ್ಡು; ಗೆದ್ದ ಕೋಣಕ್ಕೆ ಬೇಯಿಸಿದ ಹುರುಳಿ, ಎಣ್ಣೆಸ್ನಾನ. ಯಜಮಾನರ ಊಟ ಅದಾದ ಮೇಲೆಯೇ.