ಟಾರ್ಗೆಟ್ ಸಾಲಿನ ಯಜಮಾನ

‘ಡಾಕ್ಟರ್ ಹೂ’ ಕಾದಂಬರಿಗಳ ಅಭಿಮಾನಿ ಬ್ರಿಟನ್ನಿನ ಊರೂರಲ್ಲೂ ಸಿಗುತ್ತಾನೆ. ವಯಸ್ಸು ಐವತ್ತು ದಾಟಿದೆ. ಸ್ವಯಾರ್ಜಿತ ಆಸ್ತಿಯೆಂದರೆ ಗೋಡೆಯುದ್ದದ ಒಂದು ಕಪಾಟು. ಅದರಲ್ಲಿರುವುದು ಸಾಹಿತ್ಯವೇ ಎಂದು ಕೇಳಿದರೆ ಆತನಿಗೆ ಸಿಟ್ಟು ಬರುವುದಿಲ್ಲ. ಪುಸ್ತಕಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೀರಿ ಎಂದು ಮಾತ್ರ ಕೇಳಬಾರದು. ಕೇಳಿದವರು ರಾತ್ರಿ ಊಟಕ್ಕೆ ಮನೆ ಮುಟ್ಟುವುದಿಲ್ಲ.

ಈ ಜಾತಿಯ ಓದುಗ ಹುಟ್ಟಲು ಬಿಬಿಸಿಯೇ ಕಾರಣ. 1963ರಲ್ಲಿ ಶುರುವಾದ, ಮುಖ ಬದಲಿಸುತ್ತ ಕಾಲದಲ್ಲಿ ಅಲೆಯುವ ‘ಡಾಕ್ಟರ್’ ಎಂಬ ನಾಯಕನ ಟಿವಿ ಧಾರಾವಾಹಿಯ ಹಳೆಯ ಕಂತುಗಳು ಮರುಪ್ರಸಾರವಾಗುತ್ತಿದ್ದುದು ಅಪರೂಪ. ಮೊದಲ ದಶಕದ ಎಷ್ಟೋ ಟೇಪುಗಳನ್ನು ಸಂಸ್ಥೆ ತಾನೇ ಅಳಿಸಿಹಾಕಿತ್ತು. ಅಂಗಡಿಗೆ ಮೊದಲ ವಿಡಿಯೊ ಕ್ಯಾಸೆಟ್ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಕಳೆದುಹೋದ ಕಥೆ ಬೇಕೆಂದರೆ, 1973ರಿಂದ ಬರತೊಡಗಿದ ಟಾರ್ಗೆಟ್ ಪ್ರಕಾಶನದ ತೆಳ್ಳನೆಯ ಪುಸ್ತಕಗಳೇ ಗತಿ. ಹೀಗಾಗಿ ಆತನಿಗೆ ತಾನು ಹುಟ್ಟುವ ಮೊದಲೇ ಪ್ರಸಾರವಾದ ಕಂತುಗಳೂ ಕಣ್ಣಿಗೆ ಕಟ್ಟಿದಂತಿವೆ. ಪುಸ್ತಕದಲ್ಲಿ ಶತ್ರುಸೇನೆ ಕ್ಷಿತಿಜದವರೆಗೆ ಹಬ್ಬಿತ್ತು. ಕ್ಯಾಸೆಟ್ ಬಂದ ಮೇಲೆ ನೋಡಿದರೆ ರಬ್ಬರ್ ಅಂಗಿ ತೊಟ್ಟ ಮೂವರು, ಒಬ್ಬನ ಬೆನ್ನಿನ ಜಿಪ್ ಕಾಣುತ್ತಿದೆ. ಪುಸ್ತಕ ಉತ್ಪ್ರೇಕ್ಷೆ ಮಾಡಿತೆಂದು ಆತ ಎಂದೂ ಒಪ್ಪಲಿಲ್ಲ. ಟಿವಿಯವರೇ ಪುಸ್ತಕವನ್ನು ಕೆಡಿಸಿದರು ಎಂದು ತೀರ್ಪಿತ್ತ. ಕಥೆ ಮೊದಲು ಟಿವಿಯಲ್ಲೇ ಬಂದದ್ದು ಎಂಬ ಸಂಗತಿ ಈ ತೀರ್ಪಿಗೆ ಅಡ್ಡಿಯಾಗಿಲ್ಲ.

ಆತನ ಪಾಲಿನ ಮಹಾಲೇಖಕ ಟೆರೆನ್ಸ್ ಡಿಕ್ಸ್. ಧಾರಾವಾಹಿಯ ಸ್ಕ್ರಿಪ್ಟ್ ಎಡಿಟರ್ ಆಗಿದ್ದ ಡಿಕ್ಸ್ ಅರವತ್ತಕ್ಕೂ ಹೆಚ್ಚು ಕಥೆಗಳನ್ನು ಪುಸ್ತಕಕ್ಕಿಳಿಸಿದರು. ಭಾಷೆ ಸರಳ, ವಿಶೇಷಣಗಳು ಖಾಯಂ: ಇಂಥ ಡಾಕ್ಟರ್‌ಗೆ ಇಂಥದೇ ಮುಖ, ಅವನ ವಾಹನ ಟಾರ್ಡಿಸ್ ಇಳಿದಾಗಲೆಲ್ಲ ಇಂಥದೇ ನರಳಾಟ. ಕೆಲವು ಪುಸ್ತಕಗಳು ಸ್ಕ್ರಿಪ್ಟಿಗೆ ‘ಎಂದನು’, ‘ಎಂದಳು’ ಸೇರಿಸಿದಷ್ಟೇ ಎನ್ನುವುದು ಅಭಿಮಾನಿಗೂ ಗೊತ್ತು; ಆ ಮಾತು ಹೊರಗಿನವರ ಬಾಯಲ್ಲಿ ಬಂದರೆ ಮಾತ್ರ ಕದನ. ಅಂಥ ಹೊತ್ತಿನಲ್ಲಿ ಆತ ಎತ್ತಿ ಹಿಡಿಯುವುದು ಮಾಲ್ಕಮ್ ಹಲ್ಕ್‌ರ ‘ದ ಕೇವ್ ಮಾನ್‌ಸ್ಟರ್ಸ್’ (1974). ಅದು ತೆರೆದುಕೊಳ್ಳುವುದೇ ನೆಲದಡಿಯ ಸರೀಸೃಪದ ಕಣ್ಣಿನಿಂದ. ಇಲ್ಲಿ ಅಭಿಮಾನಿಯ ಮಾತು ನ್ಯಾಯವಾದದ್ದೇ: ಟಿವಿಯಲ್ಲಿ ಹೆಸರಿಲ್ಲದೆ ಇದ್ದವರಿಗೆ ಹಲ್ಕ್ ಹೆಸರು, ಸಂಕಟ ಎರಡನ್ನೂ ಕೊಟ್ಟರು.

ಇನ್ನು ಕಪಾಟಿನ ಕ್ರಮ. ಹತ್ತು ವರ್ಷ ಪುಸ್ತಕ ಹೊರತಂದ ಮೇಲೆ, 1983ರಲ್ಲಿ, ಟಾರ್ಗೆಟ್‌ನವರಿಗೆ ಸಂಖ್ಯೆ ಹಾಕುವ ಯೋಚನೆ ಬಂತು. ಅದುವರೆಗಿನ ಎಪ್ಪತ್ತಮೂರಕ್ಕೆ ಇಂಗ್ಲಿಷ್ ಅಕಾರಾದಿಯಂತೆ ಸಂಖ್ಯೆ ಕೊಟ್ಟರು. ಎಪ್ಪತ್ತನಾಲ್ಕರಿಂದ ಮುಂದೆ ಪ್ರಕಟಣೆಯ ಕ್ರಮ. ಹೀಗಾಗಿ ‘ದ ಅಬಾಮಿನಬಲ್ ಸ್ನೋಮೆನ್’ ಒಂದನೆಯದಾಯಿತು. ಅದು ಮೊದಲ ಕಥೆಯೂ ಅಲ್ಲ, ಮೊದಲ ಪುಸ್ತಕವೂ ಅಲ್ಲ. ಸಂಖ್ಯೆಯಂತೆ ಜೋಡಿಸಿದರೆ ಡಾಕ್ಟರ್‌ನ ಮುಖ ಪುಸ್ತಕ ಪುಸ್ತಕಕ್ಕೂ ಬದಲಾಗುತ್ತದೆ. ಪ್ರಸಾರದ ಕ್ರಮ ಹಿಡಿದರೆ ಸಂಖ್ಯೆಗಳು ಚೆಲ್ಲಾಪಿಲ್ಲಿ. ಸಂಸಾರಸ್ಥ ಅಭಿಮಾನಿ ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ನೆಲಕ್ಕಿಳಿಸಿ, ಇಸ್ಪೀಟು ಕಲೆಸುವಂತೆ ಕಲೆಸಿ, ಮತ್ತೆ ಮೊದಲಿದ್ದಂತೆಯೇ ಇಡುತ್ತಾನೆ. ಮನೆಯವರು ಇದನ್ನು ಧೂಳು ಒರೆಸುವುದು ಎಂದೇ ತಿಳಿದಿದ್ದಾರೆ.

ಇದಕ್ಕಿಂತ ಕಠಿಣವಾದದ್ದು ‘ನಿಜವಾಗಿ ನಡೆದದ್ದು ಯಾವುದು’ ಎಂಬ ಪ್ರಶ್ನೆ. ಡೇವಿಡ್ ವಿಟೇಕರ್‌ರ 1964ರ ಮೊದಲ ಕಾದಂಬರಿಯಲ್ಲಿ ಡಾಕ್ಟರ್‌ನ ಭೇಟಿ ಆಗುವುದು ಮಂಜು ಕವಿದ ಬಾರ್ನ್ಸ್ ಕಾಮನ್ ಬಯಲಿನಲ್ಲಿ. ಟಿವಿಯಲ್ಲಿ ಗುಜರಿ ಅಂಗಳದಲ್ಲಿ. 1991ರಿಂದ ವರ್ಜಿನ್ ಪ್ರಕಾಶನ ಹೊಚ್ಚಹೊಸ ಕಥೆಗಳನ್ನೇ ತಂದಾಗ ಗೋಜಲು ಇಮ್ಮಡಿಸಿತು. ಪಾಲ್ ಕಾರ್ನೆಲ್‌ರ ‘ಹ್ಯೂಮನ್ ನೇಚರ್’ (1995) ಏಳನೆಯ ಡಾಕ್ಟರ್‌ನ ಕಥೆ. 2007ರಲ್ಲಿ ಅದೇ ಕಥೆ ಟಿವಿಗೆ ಬಂದು ಹತ್ತನೆಯವನಿಗೆ ನಡೆಯಿತು. ಯಾವುದು ಅಧಿಕೃತ ಎಂಬ ಪಟ್ಟಿಯನ್ನು ಬಿಬಿಸಿ ಹೊರಡಿಸದ ಕಾರಣ ಆ ಹೊಣೆ ಅಭಿಮಾನಿಯ ಹೆಗಲೇರಿದೆ. ಎರಡೂ ನಡೆದಿವೆ, ಕಾಲವೇ ಮಡಚಿಕೊಂಡಿದೆ ಎಂದು ಆತ ಗಂಭೀರವಾಗಿ ವಿವರಿಸುತ್ತಾನೆ. ಸ್ವಂತ ಮದುವೆಯ ತಾರೀಖಿಗೆ ಈ ಬಗೆಯ ಸಮಜಾಯಿಷಿ ನಡೆಯದೆಂಬುದು ಆತನ ಅನುಭವ.

ಸಾಲಿನಲ್ಲಿ ಬಹುಕಾಲ ಐದು ತೂತುಗಳಿದ್ದವು. ಡಗ್ಲಸ್ ಆಡಮ್ಸ್ ಬರೆದ ಮೂರು ಕಥೆಗಳೂ ಎರಿಕ್ ಸಾವರ್ಡ್ ಬರೆದ, ಡಾಲೆಕ್ ಎಂಬ ಶತ್ರುಗಳ ಎರಡು ಕಥೆಗಳೂ ಟಾರ್ಗೆಟ್‌ಗೆ ದಕ್ಕಲಿಲ್ಲ. 2012ರಿಂದ 2019ರೊಳಗೆ ಅವೂ ಒಂದೊಂದಾಗಿ ಬಂದವು, ಆದರೆ ದಪ್ಪ ರಟ್ಟಿನ ಪುಸ್ತಕಗಳಾಗಿ. ತೂತು ಪುಟ್ಟದು, ಪುಸ್ತಕ ದೊಡ್ಡದು. ಜೇಮ್ಸ್ ಗಾಸ್ ಬರೆದ ‘ಸಿಟಿ ಆಫ್ ಡೆತ್’ 2015ರಲ್ಲಿ ಇಡಿಯಾಗಿ ಬಂತು. 2018ರಲ್ಲಿ ಅದನ್ನೇ ಸಂಕ್ಷೇಪಿಸಿ ಹಳೆಯ ಟಾರ್ಗೆಟ್ ಅಳತೆಯಲ್ಲಿ ಮತ್ತೆ ತಂದರು. ಅಭಿಮಾನಿ ಎರಡನ್ನೂ ಕೊಂಡ. ದೊಡ್ಡದು ಓದಲಿಕ್ಕೆ, ಚಿಕ್ಕದು ಸಾಲಿಗೆ. ಚಿಕ್ಕದನ್ನು ಬಿಚ್ಚುವಂತಿಲ್ಲ, ಬೆನ್ನಿಗೆ ಗೆರೆ ಬೀಳುತ್ತದೆ.