ಪಿಜ್ಜಾ ಗಿಜ್ಜಾ ವ್ಯಾಕರಣ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿದರೆ ಮೊದಲು ಮನೆ ಸಾಲದ ಬಡ್ಡಿ, ಆಮೇಲೆ ‘ನಮ್ಮ ಮಕ್ಕಳಿಗೆ ಕನ್ನಡ ಬರಲ್ಲ’ ಎಂಬ ಸಾಮೂಹಿಕ ಶೋಕ. ಆ ಶೋಕಸಭೆಗೆ ನಾನೂ ಕಾಯಂ ಸದಸ್ಯ. ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಮಗಳು ‘ಳ’ ಬರೆಯಹೊರಟರೆ ಅದು ಜಿಲೇಬಿಯಾಗಿ ಮುಗಿಯುತ್ತದೆ. ಮನೆಯಲ್ಲಿ ಕನ್ನಡದ ಪ್ರಶ್ನೆಗೆಲ್ಲ ಇಂಗ್ಲಿಷಿನ ಉತ್ತರ.

ಹಾಸನದಿಂದ ನಮ್ಮಮ್ಮ ಬಂದರು. ಭಾಷಾವಿಜ್ಞಾನ ಗೀಷಾವಿಜ್ಞಾನದ ಗೊಡವೆ ಅವರಿಗಿಲ್ಲ. “ಪುಟ್ಟೀ, ಪಿಜ್ಜಾ ಗಿಜ್ಜಾ ತಿಂದು ಹೊಟ್ಟೆ ಕೆಡಿಸ್ಕೋಬೇಡ” ಅಂದರು. ಆಮೇಲೊಂದು ಸಂಜೆ ಮಗಳು ನನ್ನೆದುರು ನಿಂತು “ನೋ ಹೋಮ್‌ವರ್ಕ್ ಗೀಮ್‌ವರ್ಕ್ ಟುಡೇ!” ಎಂದು ಘೋಷಿಸಿದಳು.

ಸಿಟ್ಟು ಬರಬೇಕಿತ್ತು, ರೋಮಾಂಚನವಾಯಿತು. ಅಜ್ಜಿ ಹೇಳಿದ್ದು ಹ್ರಸ್ವದ ‘ಗಿ’, ಇವಳು ಅಂದದ್ದು ದೀರ್ಘದ ‘ಗೀ’! ಮೂಲ ಪದದ ಮೊದಲ ಸ್ವರ ಹ್ರಸ್ವವಾದರೆ ಹಣ ಗಿಣ, ದೀರ್ಘವಾದರೆ ಊಟ ಗೀಟ. ಇದನ್ನು ಯಾವ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದರು? 1958ರಲ್ಲಿ ಜೀನ್ ಬರ್ಕೊ ಎಂಬಾಕೆ ಲೋಕದಲ್ಲೇ ಇಲ್ಲದ ಪ್ರಾಣಿಯೊಂದರ ಚಿತ್ರ ತೋರಿಸಿ, ‘ಇದು ವಗ್, ಇಂಥವು ಎರಡಿದ್ದರೆ?’ ಎಂದು ಮಕ್ಕಳನ್ನು ಕೇಳಿದರು. ‘ವಗ್ಸ್’ ಅಂದವು ಮಕ್ಕಳು. ಮಕ್ಕಳು ಪದಗಳನ್ನು ಬರೀ ಉರು ಹೊಡೆಯುವುದಿಲ್ಲ, ಒಳಗಿನ ನಿಯಮವನ್ನೇ ಹಿಡಿಯುತ್ತವೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ನಮ್ಮಮ್ಮ ಅದೇ ಪ್ರಯೋಗವನ್ನು ಒಗ್ಗರಣೆ ಹಾಕುತ್ತಲೇ ಮುಗಿಸಿದ್ದರು.

ಕನ್ನಡದ ಈ ಗಿ-ಗೀಗಳ ಮೇಲೆ ಜೆಫ್ರಿ ಲಿಡ್ಜ್ ಎಂಬ ವಿದ್ವಾಂಸರು 2001ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಅಂತೂ ನಮ್ಮ ಬಾಗಿಲು ಗೀಗಿಲು ವೀಸಾ ಗೀಸಾ ಇಲ್ಲದೆಯೇ ವಿದ್ವತ್ ಪತ್ರಿಕೆ ಸೇರಿಕೊಂಡಿವೆ.

‘ಗಿ’ ಬಂದರೆ ‘ಇತ್ಯಾದಿ’ಯ ಜೊತೆ ತುಸು ತಾತ್ಸಾರವೂ ಬರುತ್ತದಲ್ಲ, ಮಗಳು ಅದನ್ನೂ ಹೀರಿಕೊಂಡಿದ್ದಾಳೆ. ಪಾಲಕ್ ಗೀಲಕ್ ಅನ್ನುತ್ತಾಳೆ, ಐಸ್‌ಕ್ರೀಮಿನ ತಂಟೆಗೆ ಹೋಗುವುದಿಲ್ಲ. ಶಾಲೆಯಲ್ಲಿ ‘ಪ್ರಿನ್ಸಿಪಾಲ್ ಗಿನ್ಸಿಪಾಲ್’ ಅಂದುಬಿಟ್ಟರೆ ಎಂಬುದು ನನ್ನ ಹೆಂಡತಿಯ ಹೊಸ ಚಿಂತೆ. ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲವೆಂದು ನನ್ನ ಧೈರ್ಯ.

ಮೊನ್ನೆ ಮಗಳೇ ಪರೀಕ್ಷೆಗಿಳಿದಳು. “ಅಜ್ಜೀ, ಗಿಟಾರ್‌ಗೆ ಏನು?” ಗಿಟಾರ್ ಗಿಟಾರ್ ಅಂದರೆ ಎರಡು ಗಿಟಾರ್ ಆಗಿಬಿಡುತ್ತದೆ! ಅಮ್ಮ ಸೌಟು ಹಿಡಿದುಕೊಂಡೇ ಯೋಚಿಸುತ್ತಿದ್ದಾರೆ. ಬಲ್ಲವರು ಬೇಗ ತಿಳಿಸಿ. ಅಮ್ಮ ಇಲ್ಲಿರಬಹುದಾದ ಆರು ತಿಂಗಳ ಗಡುವು ಮುಗಿಯುತ್ತ ಬಂತು.