ಉಬ್ಬಿದ್ದೆಲ್ಲ ಹಾರೀತೆ?

ಬಲೂನು ಮೇಲೇಕೆ ಹೋಗುತ್ತದೆ ಎಂದರೆ ನಮ್ಮ ಭಾವನ ಬಳಿ ಉತ್ತರ ಸಿದ್ಧ: "ಒಳಗಿರೋ ಗ್ಯಾಸಿಗೆ ಆಕಾಶದ ಹುಚ್ಚು ಕಣಯ್ಯ." ಭಾವ ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿ. ಬಂಡೀಪುರ, ಮುತ್ತಂಗದ ಕಾಡು ದಾಟಿಸಿ ವಯನಾಡಿನ ಸುಲ್ತಾನ್ ಬತ್ತೇರಿಗೆ ಟೊಮೆಟೊ, ಬೀನ್ಸ್ ಕಳಿಸುವವರು. ಜೀವಮಾನವೆಲ್ಲ ತಕ್ಕಡಿ ಹಿಡಿದವರಿಗೆ ತೂಕದ ಪಾಠ ಹೇಳಹೊರಟ ನನ್ನ ಧೈರ್ಯವನ್ನು ನೀವು ಮೆಚ್ಚಲೇಬೇಕು.

"ಗ್ಯಾಸಿಗೆ ಹುಚ್ಚೂ ಇಲ್ಲ, ಆಸೆಯೂ ಇಲ್ಲ ಭಾವ. ಗಾಳಿಯೇ ಇಲ್ಲದ ಕಡೆ ಬಿಟ್ಟರೆ ಹೀಲಿಯಂ ಬಲೂನೂ ಕಲ್ಲಿನ ಹಾಗೆ ಬೀಳುತ್ತೆ. ಎತ್ತುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತೆ. ಕೆಳಗೆ ಹೋದಷ್ಟೂ ಅದರ ಒತ್ತಡ ಜಾಸ್ತಿ. ಹಾಗಾಗಿ ಬಲೂನಿನ ತಲೆಯನ್ನು ಒತ್ತುವುದಕ್ಕಿಂತ ಅಡಿಯನ್ನು ಒತ್ತುವುದು ಒಂದು ಚೂರು ಹೆಚ್ಚು. ಬಲೂನು ಎಷ್ಟು ಗಾಳಿಯ ಜಾಗ ಹಿಡಿದಿದೆಯೋ ಅಷ್ಟು ಗಾಳಿಯ ತೂಕಕ್ಕೆ ಸಮನಾದ ಒತ್ತು ಅದು. ಆರ್ಕಿಮಿಡೀಸ್ ನೀರಿನ ಬಗ್ಗೆ ಹೇಳಿದ್ದು ಗಾಳಿಗೂ ಸರಿಯೇ."

"ಹಾಗಾದ್ರೆ ನನ್ನ ಟೊಮೆಟೊನೂ ಎತ್ತುತ್ತೋ?"

ಎತ್ತುತ್ತದೆ! ಒಂದು ಕಿಲೋ ಟೊಮೆಟೊ ಹಿಡಿಯುವ ಜಾಗ ಹೆಚ್ಚುಕಡಿಮೆ ಒಂದು ಲೀಟರು. ಕಿಲೋ ಕಬ್ಬಿಣದ ಬಟ್ಟು ಹಿಡಿಯುವುದು ಅದರ ಏಳೆಂಟರಲ್ಲಿ ಒಂದು ಪಾಲು. ಆದ್ದರಿಂದ ಗಾಳಿ ಟೊಮೆಟೊವನ್ನು ಬಟ್ಟಿಗಿಂತ ಸುಮಾರು ಒಂದು ಗ್ರಾಂ ಹೆಚ್ಚು ಎತ್ತುತ್ತದೆ. ತಕ್ಕಡಿ ಸಮ ನಿಂತಾಗ ತಟ್ಟೆಯಲ್ಲಿರುವ ಹಣ್ಣು ಒಂದು ಗ್ರಾಂ ಜಾಸ್ತಿಯೇ. ಭಾವ ಮನಸ್ಸಿನಲ್ಲೇ ಕ್ವಿಂಟಾಲಿಗೆ ಲೆಕ್ಕ ಹಾಕಿದರು. ನೂರು ಗ್ರಾಂ. ಮುಖ ಬಾಡಿತು. "ಇಷ್ಟು ವರ್ಷ ಕೇರಳಕ್ಕೆ ಪುಕ್ಕಟೆ ಕೊಟ್ಟೆನೇನೋ!"

ಅವರನ್ನು ಸಮಾಧಾನ ಮಾಡಲು ಮೊಂಗೊಲ್ಫಿಯೆ ಸಹೋದರರ ಕತೆ ಹೇಳಬೇಕಾಯಿತು. 1783ರಲ್ಲಿ ಬಿಸಿಗಾಳಿ ಬಲೂನು ಹಾರಿಸಿದ ಆ ಫ್ರೆಂಚರು ಹೊಗೆಯಲ್ಲೇ ಏನೋ ಶಕ್ತಿಯಿದೆ ಎಂದುಕೊಂಡು ಹುಲ್ಲು, ಉಣ್ಣೆ ಸುಟ್ಟರು. ಬಲೂನು ಹಾರಿದ್ದು ಮಾತ್ರ ಬಿಸಿಯಾದ ಗಾಳಿ ಹಿಗ್ಗಿ ಹಗುರಾದದ್ದರಿಂದ. ತಪ್ಪು ಕಾರಣ ಹಿಡಿದೇ ಆಕಾಶ ಮುಟ್ಟಿದವರಿದ್ದಾರೆ; ಭಾವನಿಗೆ ಅದು ಬಹಳ ಹಿಡಿಸಿತು.

ಆದರೆ ಮುಂದೊಮ್ಮೆ ನಾವಿಬ್ಬರೂ ಕೋಯಿಕ್ಕೋಡಿನಿಂದ ವಯನಾಡಿಗೆ ತಾಮರಶ್ಶೇರಿ ಘಾಟಿ ಹತ್ತುವಾಗ ಹೊಸ ತಕರಾರು ಬಂತು. ಅಡಿವಾರಂ ಬಿಡುವಾಗ ತೆಪ್ಪಗಿದ್ದ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ಟು, ಒಂಬತ್ತು ಹೇರ್‌ಪಿನ್ ತಿರುವು ಮುಗಿದು ಲಕ್ಕಿಡಿ ಬರುವಷ್ಟರಲ್ಲಿ ಸೊಂಟ ಸುತ್ತ ಉಬ್ಬಿ ಕೂತಿತ್ತು. ಲಕ್ಕಿಡಿ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಎಂಟರಷ್ಟು ಕಡಿಮೆ. ಒಳಗಿನದು ಕೈಕಾಲು ಚಾಚುತ್ತದೆ.

"ಇದೂ ಬಲೂನೇ ಅಲ್ವೇನಯ್ಯ? ಯಾಕೆ ಹಾರಲ್ಲ?"

ಎರಡು ಲೀಟರಿನ ಜಾಗ ಹಿಡಿದರೆ ಗಾಳಿ ಎತ್ತುವುದು ಎರಡು ಗ್ರಾಮಿನ ಆಸುಪಾಸು. ಒಳಗಿರುವ ಚಿಪ್ಸ್ ಇನ್ನೂರು ಗ್ರಾಂ. ಭಾವ ಪ್ಯಾಕೆಟ್ಟನ್ನು ಹಗುರ ಮಾಡುವ ಕೆಲಸಕ್ಕೆ ತಕ್ಷಣ ಕೈ ಹಾಕಿದರು. ಬಾಯಲ್ಲಿ ಊದಿದ ಬಲೂನಿನ ಗತಿಯೂ ಅಷ್ಟೇ ಎಂದು ಚಿಪ್ಸಿನ ಸದ್ದಿನ ನಡುವೆ ಹೇಳಿ ನೋಡಿದೆ. ಒಳಗೂ ಗಾಳಿ, ಅದೂ ಒತ್ತಿ ತುಂಬಿದ್ದು. ಮೇಲೆ ರಬ್ಬರಿನ ಭಾರ ಬೇರೆ.

ಮಾನಂತವಾಡಿ ಹತ್ತಿರದ ವಳ್ಳಿಯೂರ್‌ಕಾವಿನಲ್ಲಿ ಮೀನ ಮಾಸದ ಜಾತ್ರೆ ಹದಿನಾಲ್ಕು ದಿನ ನಡೆಯುತ್ತದೆ. ಅಲ್ಲಿ ಮೊಮ್ಮಗಳಿಗೆ ಗ್ಯಾಸ್ ಬಲೂನು ಬೇಕಾಯಿತು. ಮೂವತ್ತು ಸೆಂಟಿಮೀಟರ್ ಅಡ್ಡಳತೆಯದು, ಹದಿನಾಲ್ಕು ಲೀಟರು ಹಿಡಿಯುತ್ತದೆ. ಸಮುದ್ರದಂಡೆಯಲ್ಲಿ ಅಷ್ಟು ಗಾಳಿ ಹದಿನೇಳು ಗ್ರಾಂ ತೂಗಿದರೆ ವಯನಾಡಿನಲ್ಲಿ ಹದಿನೈದು ಚಿಲ್ಲರೆ. ಹೀಲಿಯಮ್ಮಿಗೆ ಎರಡು, ರಬ್ಬರಿಗೆ ಮೂರು ಕಳೆಯಿರಿ. ಅದೇ ಗಾತ್ರದ ಬಲೂನು ಕೋಯಿಕ್ಕೋಡಿಗಿಂತ ಇಲ್ಲಿ ಒಂದು ಗ್ರಾಂ ಕಡಿಮೆ ಎತ್ತುತ್ತದೆ ಎಂದು ಬಾಯಿತಪ್ಪಿ ಅಂದೆ.

ಭಾವನ ಕಣ್ಣು ಹೊಳೆಯಿತು. ನೇರ ಬಲೂನಿನವನ ಎದುರು ನಿಂತು, "ನಿಮ್ಮೂರಿನ ಗಾಳಿ ತೆಳ್ಳಗಂತೆ, ಬಲೂನು ಕಡಿಮೆ ಎಳೆಯುತ್ತಂತೆ. ಐದು ರೂಪಾಯಿ ಬಿಡು" ಎಂದರು.

ಅವನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಬಲೂನಿನ ದಾರವನ್ನು ಭಾವನ ಕೈಗಿಟ್ಟು ಹೇಳಿದ: "ಬಿಟ್ಟು ನೋಡಿ ಸಾರ್. ಕೆಳಗೆ ಬಿದ್ರೆ ಪೂರ್ತಿ ದುಡ್ಡು ವಾಪಸ್."